ಕಾರಿನ ಹುಟ್ಟುಹಬ್ಬಕ್ಕೆ ಮೂರು ಸುತ್ತು ಚೆಂಡು ಹೂವು

ಜನವರಿ ಇಪ್ಪತ್ತೊಂಬತ್ತು ಯಾವ ದಿನವೆಂದು ನಮ್ಮ ಚನ್ನಪಟ್ಟಣದಲ್ಲಿ ಯಾರನ್ನು ಕೇಳಿದರೂ ಹೇಳಲಾರರು. ನಾನು ಹೇಳಬಲ್ಲೆ! ಜಗತ್ತಿನ ಮೊದಲ ಪೆಟ್ರೋಲ್ ಕಾರಿನ ಪೇಟೆಂಟಿಗೆ ಜರ್ಮನಿಯಲ್ಲಿ ಅರ್ಜಿ ಬಿದ್ದ ದಿನ. ಅಂದರೆ ಸಮಸ್ತ ಕಾರು ಕುಲದ ಹುಟ್ಟುಹಬ್ಬ. ನನ್ನ ಹಳೇ ಕಾರೂ ಅದೇ ಕುಲದ್ದಾದ್ದರಿಂದ, ಅಂದು ಅದಕ್ಕೊಂದು ಗೌರವದ ಕೆಲಸ ಕೊಡಲು ತೀರ್ಮಾನಿಸಿದೆ.

ಕೆಲಸ ತಾನಾಗಿಯೇ ಸಿಕ್ಕಿತು. ವಿರೂಪಾಕ್ಷಿಪುರದ ನನ್ನ ಭಾಮೈದ ಶಿವಣ್ಣನ ರೇಷ್ಮೆಗೂಡು ಅಂದೇ ರಾಮನಗರದ ಮಾರುಕಟ್ಟೆ ಸೇರಬೇಕಿತ್ತು. ಹರಾಜು ತಪ್ಪಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಇಡೀ ಬೆಳೆ ದಂಡ.

"ಟೆಂಪೋಗೆ ಹೇಳಿವ್ನಿ ಬಾವ," ಎಂದ ಶಿವಣ್ಣ.

"ಇವತ್ತು ಟೆಂಪೋನಾ? ಇತಿಹಾಸ ನಮ್ಮನ್ನ ಕ್ಷಮಿಸಲ್ಲ ಕಣಯ್ಯ!"

ಕಾರಿನ ಮೂತಿಗೆ ಮೂರು ಸುತ್ತು ಚೆಂಡು ಹೂವಿನ ಹಾರ, ಅದರ ಮೇಲೆ ಮಾವಿನ ಸೊಪ್ಪು, ಅಕ್ಕಪಕ್ಕ ಬಾಳೆಕಂದು. ಇಂಜಿನ್ನಿಗೆ ಗಾಳಿ ಬಿಡುವ ಜಾಲರಿ ಇದ್ದ ಗುರುತೇ ಸಿಗಲಿಲ್ಲ. ಹೆಂಡತಿ ಜಯಮ್ಮ ಗೂಡಿನ ಚೀಲಗಳ ನಡುವೆ ಹೇಗೋ ತೂರಿಕೊಂಡಳು. ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟೆವು. ದಾರಿಯುದ್ದಕ್ಕೂ ಅವಳಿಗೆ ಮೋಟಾರು ಚರಿತ್ರೆಯನ್ನು ವಿವರಿಸಿದೆ.

ಚನ್ನಪಟ್ಟಣ ದಾಟಿದ್ದೆವಷ್ಟೇ.

"ರೀ, ಮುಂದ್ಗಡೆ ಹೊಗೆ!"

"ಪೂಜೆಯ ಧೂಪ ಕಣೆ, ಗಾಬರಿಯಾಗ್ಬೇಡ."

"ಧೂಪ ಹಚ್ಚೇ ಇರ್ನಿಲ್ವಲ್ರೀ!"

ಕಾರು ಬುಸ್ಸೆಂದು ನಿಂತಿತು. ಹರಾಜಿನ ಹೊತ್ತು ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಹಿಂದೆಯೇ ಒಂದು ಖಾಲಿ ಟೆಂಪೋ ಬಂದು ನಿಂತಿತು. ಒಳಗೆ ಶಿವಣ್ಣ!

"ಟೆಂಪೋ ಬ್ಯಾಡ ಅಂತ ನಾ ಹೇಳ್ನೇ ಇಲ್ಲ ಬಾವ. ನಿಮ್ ಕಾರಿನ ಇತಿಹಾಸ ನಂಗೂ ಒಸಿ ಗೊತ್ತೈತೆ."

ಗೂಡು, ಭಾಮೈದ, ಹೆಂಡತಿ ಮೂವರೂ ಟೆಂಪೋದಲ್ಲಿ ಹೋದರು. ನಾನು ಬಾನೆಟ್ ಎತ್ತಿ, ತಜ್ಞನ ಗಾಂಭೀರ್ಯದಿಂದ ಎಲ್ಲ ತಂತಿಗಳನ್ನೂ ಒಮ್ಮೆ ಮುಟ್ಟಿದೆ. ಏನೂ ಆಗಲಿಲ್ಲ. ಬೇಸತ್ತು ಹೊಂಗೆ ಮರದ ನೆರಳಿನಲ್ಲಿ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಕಾರಿನ ಸುತ್ತ ಕುರಿಮಂದೆ! ಹಾರ, ಸೊಪ್ಪು, ಬಾಳೆಕಂದು ಎಲ್ಲವೂ ಸ್ವಾಹಾ. ಕುರಿ ಕಾಯುವವನು ಓಡಿಬಂದು, "ತೆಪ್ಪಾಯ್ತು ಸ್ವಾಮಿ, ಎಲ್ಲಾನೂ ತಿಂದ್ಬುಟ್ವು!" ಎಂದು ಕೈಮುಗಿದ. ಬೆತ್ತಲೆಯಾದ ಜಾಲರಿಯೊಳಗೆ ತಣ್ಣನೆ ಗಾಳಿ ಆಡುತ್ತಿತ್ತು. ಆರಿದ್ದ ರೇಡಿಯೇಟರಿಗೆ ನೀರು ಹುಯ್ದು ಕೀ ತಿರುಗಿಸಿದೆ. ಹೊರಟೇಬಿಟ್ಟಿತು!

ಮಾರುಕಟ್ಟೆಯ ಬಾಗಿಲಲ್ಲಿ ಜಯಮ್ಮ ಟೀ ಕುಡಿಯುತ್ತಿದ್ದಳು. ಗೂಡು ಒಳ್ಳೆ ರೇಟಿಗೇ ಹೋಗಿತ್ತು.

"ಯಾರ್ರೀ ರಿಪೇರಿ ಮಾಡಿದ್ದು?"

"ದಾರೀಲಿ ಒಳ್ಳೆ ಮೆಕ್ಯಾನಿಕ್ ಸಿಕ್ಕಿದ್ದ," ಎಂದೆ ಗತ್ತಿನಿಂದ.

ಅವಳು ಜಾಲರಿಗೆ ನೇತಾಡುತ್ತಿದ್ದ ಹಾರದ ದಾರ ನೋಡಿದಳು. ಬಂಪರಿನ ಮೇಲೆ ಬಿದ್ದಿದ್ದ ಹಿಕ್ಕೆಯನ್ನೂ ನೋಡಿದಳು.

"ಓಹೋ! ಅವ್ನಿಗೆ ಕೊಂಬಿತ್ತಾ?"