ಮಂಜಿನ ನೀಲಿ

ಬಣ್ಣದ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಲ ಬಿಚ್ಚುವ ಹಾಗಿಲ್ಲ! ಮೂವತ್ತನಾಲ್ಕು ವರ್ಷದಿಂದ ಕೋಟು ಹೊಲಿಯುತ್ತಿರುವವನು ನಾನು. ಬೂದು ಬಣ್ಣ ಒಂದರಲ್ಲೇ ಹದಿನೇಳು ಬಗೆ ಗುರುತಿಸಿ, ಹದಿನೇಳಕ್ಕೂ ಬೇರೆ ಬೇರೆ ದಾರ ಎತ್ತಿ ಕೊಡಬಲ್ಲ ಮಹಾನುಭಾವ. ಇಂಥವನ ಸ್ವಂತ ಮನೆಯ ಗೋಡೆಗೆ ಮಾತ್ರ, ಮದುವೆಯಾದಾಗಿನಿಂದ, ಹೆಂಡತಿ ಹೇಳಿದ್ದೇ ಬಣ್ಣ. ಅದಾದರೂ ಯಾವುದು? ಕೆನೆ! ಐದು ಸಲ ಬಳಿಸಿದ್ದೇವೆ, ಐದು ಸಲವೂ ಕೆನೆ. ಕೆನೆಯ ಮೇಲೆ ಕೆನೆ ಕೂತು, ಬಂದವರು ಕೂರುವ ನಮ್ಮ ಹಾಲು, ಹೆಸರಿಗೆ ತಕ್ಕ ಹಾಗೆ, ಹೆಪ್ಪುಗಟ್ಟಿ ಮೊಸರಾಗುವುದೊಂದೇ ಬಾಕಿ.

"ಈ ಸಲ ಬಣ್ಣ ನನ್ನದು!" ಅಂತ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ.

ನನ್ನಾಕೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಉತ್ತರ ತಪ್ಪಾದರೆ ಒಂದು ಹುಬ್ಬು ಏರಿಸುತ್ತಾಳೆ. ಲೆಕ್ಕ ಮಾಡುವ ದಾರಿಯೇ ತಪ್ಪಾದರೆ ಎರಡೂ. ಅವತ್ತು ಎರಡೂ ಏರಿದವು.

"ಮನೆ ಗೋಡೆ ಅಂದ್ರೆ ಕೋಟಿನ ಲೈನಿಂಗ್ ಅಲ್ಲ ರೀ. ಕೆಟ್ಟರೆ ಒಳಗೆ ಮಡಚಿ ಮುಚ್ಚೋಕಾಗಲ್ಲ."

"ಮುಚ್ಚೋದ್ಯಾಕೆ? ಊರೆಲ್ಲ ಬಂದು ನೋಡಬೇಕು, ಹಾಗೆ ಮಾಡ್ತೀನಿ!"

ಆಗ ನನ್ನ ಬಾಯಲ್ಲಿ ಯಾವ ದೇವತೆ ಕೂತಿದ್ದಳೋ, ತಥಾಸ್ತು ಅಂದುಬಿಟ್ಟಳು.

ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಮನೆಯನ್ನು ಅಲಂಕರಿಸುವವರು ಮೊದಲು ತಮ್ಮ ಮನಸ್ಸಿಗೊಪ್ಪುವ ನಾಲ್ಕು ಬಣ್ಣಗಳನ್ನು ಆರಿಸಿಕೊಳ್ಳಬೇಕಂತೆ. ಆಮೇಲೆ ಗೋಡೆ, ಬಾಗಿಲು, ಪರದೆ, ದಿಂಬು ಎಲ್ಲವೂ ಆ ನಾಲ್ಕರಲ್ಲೇ. ಮನೆಯೊಳಗೆ ಕಾಲಿಟ್ಟವರಿಗೆ ಯಜಮಾನನ ಅಂತರಂಗವೇ ಕಾಣಬೇಕಂತೆ! ಅಂಗಡಿಯಲ್ಲಿ ನನಗೆ ತುಂಡು ಬಟ್ಟೆಗೇನು ಬರ? ಒಂದು ರಟ್ಟಿನ ಮೇಲೆ ನಾಲ್ಕು ತುಂಡು ಅಂಟಿಸಿ, ಕೆಳಗೆ ನನ್ನ ಕೈಯಾರೆ ಹೆಸರು ಬರೆದೆ. ಗೋಡೆಗೆ ಮಂಜಿನ ನೀಲಿ. ಪರದೆಗೆ ಎಳೆ ಹಸಿರು. ದಿಂಬಿಗೆ ಬಾಡಿದ ಗುಲಾಬಿ. ಬಾಗಿಲಿಗೆ, ಹೋಗಲಿ ಪಾಪ ಅಂತ, ಅವಳ ಕೆನೆ.

ಅವಳು ರಟ್ಟನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ರಟ್ಟನ್ನು ನೋಡಿದಳು.

"ಇದು ಮಂಜಾ?"

"ಹೂಂ. ಬೆಳಗಿನ ಜಾವದ್ದು."

"ನನ್ನ ಮೇಲೆ ಏನಾದ್ರೂ ಸಿಟ್ಟಿದ್ರೆ ನೇರವಾಗಿ ಬಾಯಿ ಬಿಟ್ಟು ಹೇಳಿ. ಗೋಡೆ ಮೇಲೆ ಯಾಕೆ ತೀರಿಸಿಕೊಳ್ತೀರಿ?"

ಹೊಟ್ಟೆಕಿಚ್ಚು ಅಂದುಕೊಂಡೆ. ಕೆನೆಯ ಸಾಮ್ರಾಜ್ಯ ಅಲ್ಲಾಡುವಾಗ ಇಷ್ಟಾದರೂ ಆಗಬೇಡವೇ?

ಬಣ್ಣದ ಮೇಸ್ತ್ರಿ ಬಂದರು. ನನ್ನದೇ ವಯಸ್ಸು, ಮಿತಭಾಷಿ. ಬಿಳಿ ಬಣ್ಣದ ಡಬ್ಬಕ್ಕೆ ಪುಟ್ಟ ಬಾಟಲಿಯಿಂದ ಒಂದಿಷ್ಟು ನೀಲಿ ಸುರಿದು, ಕಲಕಿ, ಗೋಡೆಯ ಮೇಲೆ ಅಂಗೈಯಗಲ ಬಳಿದು ತೋರಿಸಿದರು.

"ಹಳದಿ ಹೊಡೀತಿದೆಯಲ್ಲ ಮೇಸ್ತ್ರಿ!"

"ಹಳದಿನಾ? ನಾನು ಹಳದಿ ಡಬ್ಬಾನೇ ತಂದಿಲ್ಲ ಸಾರ್."

"ಇನ್ನಷ್ಟು ನೀಲಿ ಹಾಕಿ. ಸ್ವಲ್ಪ ನೇರಳೇನೂ ಇರಲಿ."

ಹಾಕಿದರು.

"ಇನ್ನೂ ಮಂಕು. ಹಾಕಿ!"

"ಸಾರ್, ಸಾಕು."

"ಹಾಕಿ ಅಂದೆ!"

ಮೂರನೇ ಬಾಟಲಿ ಖಾಲಿಯಾದ ಮೇಲೆ ನನ್ನ ಮಂಜು ಮೈದಾಳಿತು. ಆಹಾ! ತಿಳಿಯಾಗಿ, ತಂಪಾಗಿ, ಬೂದಿನೊಳಗಿಂದ ನೀಲಿ ಇಣುಕುವ ಹಾಗೆ. ಮೇಸ್ತ್ರಿ ನನ್ನನ್ನೇ ದಿಟ್ಟಿಸಿ, "ಬಾಟಲಿಗಳನ್ನ ಇಲ್ಲೇ ಬಿಟ್ಟು ಹೋಗ್ತೀನಿ ಸಾರ್. ನಾಳೆ ಯಾರಾದ್ರೂ ಕೇಳಿದ್ರೆ, ನೀವೇ ಹಾಕಿಸಿದ್ದು ಅನ್ನೋಕೆ ಸಾಕ್ಷಿ ಬೇಕಲ್ಲ," ಅಂದರು. ಮರುದಿನ ಅವರು ಕೆಲಸಕ್ಕೆ ಬಂದದ್ದು ಕಪ್ಪು ಕನ್ನಡಕ ಹಾಕಿಕೊಂಡು! ಧೂಳಿಗೆ ಅಂದುಕೊಂಡೆ.

ಗೋಡೆ ಮುಗಿಯಿತು, ಪರದೆ ತೂಗಿತು, ದಿಂಬು ಕೂತವು. ನನ್ನಾಕೆ ಊಟದ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ವಲಸೆ ಹೋದಳು.

"ಇಲ್ಲಿ ಕೂತರೆ ಅನ್ನ ನೇರಳೆ ಕಾಣುತ್ತೆ ರೀ!"

"ಅನ್ನ ತಿನ್ನೋಕೋ, ನೋಡೋಕೋ?"

ಎರಡನೇ ಸಂಜೆ ಹಾಲಿನ ದೀಪ ಹಾಕಿ ಕಿಟಕಿ ತೆರೆದಿಟ್ಟು, ಪೇಪರ್ ಓದುತ್ತಾ ರಾಜಗಾಂಭೀರ್ಯದಿಂದ ಕೂತಿದ್ದೆ. ಗಂಡ, ಹೆಂಡತಿ, ಎರಡು ಮಕ್ಕಳ ಒಂದು ಸಂಸಾರ ಚಪ್ಪಲಿ ಹಾಕಿಕೊಂಡೇ ಒಳಗೆ ಬಂತು. ಮಕ್ಕಳು ನೇರ ಸೋಫಾ ಏರಿ ದಿಂಬು ತಬ್ಬಿಕೊಂಡವು.

"ನಾಲ್ಕು ಐಸ್‌ಕ್ರೀಂ ಕೊಡಿ," ಅಂದ ಆ ಮನುಷ್ಯ. "ಯಾವ್ಯಾವುದಿದೆ?"

"ಇದು ಮನೆ ರೀ!"

"ಹೌದಾ? ಮತ್ತೆ ಬೀದಿ ತುದಿಯಿಂದಲೇ ಜಗಜಗ ಅಂತಿತ್ತಲ್ಲ..."

ಒಳಗಿನಿಂದ ಇವಳು, "ಬೇಜಾರಾಗಬೇಡಿ, ಅವರು ವ್ಯಾಪಾರಕ್ಕೆ ಹೊಸಬರು. ಅಂಗಡಿ ಮೊನ್ನೆ ತಾನೇ ತೆರೆದಿದ್ದು!" ಅಂತ ಕೂಗಿದಳು.

ಆ ವಾರವೇ ಅವಳ ಅಕ್ಕ ನಾಲ್ಕು ದಿನ ಇರುತ್ತೇನೆ ಅಂತ ಬಂದವರು, ತಲೆನೋವು ಅಂತ ಅದೇ ಸಂಜೆ ಬಸ್ಸು ಹತ್ತಿದರು. ಗೋಡೆಗೆ ಇಂಥ ಔಷಧಿಗುಣ ಇದೆ ಅಂತ ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಬಳಿಸುತ್ತಿದ್ದೆ! ಎದುರುಮನೆಯವರು ಬೆಳಗಿನ ವಾಕಿಂಗನ್ನು ಹಿಂದಿನ ಬೀದಿಗೆ ಬದಲಾಯಿಸಿಕೊಂಡರು. ನಾನು ಜಗ್ಗಲಿಲ್ಲ. ಜಗತ್ತೇ ಒಂದು ಕಡೆ, ನಾನೂ ನನ್ನ ಮಂಜೂ ಒಂದು ಕಡೆ. ಪ್ರತಿಭೆಗೆ ಮೊದಲು ಸಿಗುವುದೇ ಕಲ್ಲೇಟು!

"ಊರಿಗೆಲ್ಲ ಕಣ್ಣು ಕೆಟ್ಟಿದೆ!" ಅಂತ ಸಾರಿಬಿಟ್ಟೆ.

ಎರಡು ದಿನ ಕಳೆದಿರಲಿಲ್ಲ, ಅಂಗಡಿಗೆ ವಕೀಲರು ಬಂದರು. ಇಪ್ಪತ್ತು ವರ್ಷದ ಗಿರಾಕಿ. ನಾನು ಹೊಸದಾಗಿ ಹೊಲಿದುಕೊಟ್ಟ ಕರಿ ಕೋಟನ್ನು ಮೇಜಿನ ಮೇಲೆ ಹಾಸಿದರು.

"ಮಾಸ್ಟ್ರೇ, ಗುಂಡಿ ಯಾವ ಬಣ್ಣ?"

"ಕಪ್ಪು."

"ದಾರ?"

"ಕಪ್ಪು."

"ಕೋರ್ಟಲ್ಲಿ ಜಡ್ಜು ನನ್ನ ವಾದ ನಿಲ್ಲಿಸಿ ಕೇಳಿದ್ರು, ವಕೀಲರೇ, ಕರಿ ಕೋಟಿಗೆ ನೀಲಿ ಗುಂಡಿ ಹಾಕಬಹುದು ಅಂತ ಯಾವಾಗ ತಿದ್ದುಪಡಿ ಆಯ್ತು, ಅಂತ."

ಕೋಟನ್ನು ಬಿಸಿಲಿಗೆ ಹಿಡಿದೆ. ಕಪ್ಪೇ. ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದೆ. ಅವರು ಗುಂಡಿ ಮುಟ್ಟಿ, "ನೀಲಿ," ಅಂದರು. ಆಮೇಲೆ ನನ್ನ ಮುಖ ನೋಡಿ, ಕೋಟನ್ನು ಮೆಲ್ಲಗೆ ಮಡಚಿಟ್ಟರು. ಆ ನೋಟ ಇದೆಯಲ್ಲ, ಅದು ನನ್ನ ಎದೆಗೆ ಸೂಜಿಯ ಹಾಗೆ ಚುಚ್ಚಿತು. ಗೋಡೆ ಹೋದರೆ ಹೋಗಲಿ, ಗುಂಡಿ ನನ್ನ ಅನ್ನ. ಅವತ್ತು ಎಲ್ಲ ದಾರದ ಉಂಡೆಗಳನ್ನೂ ಸಾಲಾಗಿ ಇಟ್ಟುಕೊಂಡು ಕೂತೆ. ಕಪ್ಪು ಯಾವುದು, ನೀಲಿ ಯಾವುದು? ದೇವರಾಣೆಗೂ ಗೊತ್ತಾಗಲಿಲ್ಲ.

ಆದರೆ ಮನೆಯಲ್ಲಿ ಸೋಲು ಒಪ್ಪುವುದುಂಟೇ?

"ನಿನ್ನ ಕಣ್ಣು ತೋರಿಸೋಕೆ ಹೋಗೋಣ," ಅಂದೆ ಹೆಂಡತಿಗೆ. "ನಂಗೆ ಯಾಕೋ ನಿನ್ನ ಚಿಂತೆ."

"ಅಯ್ಯೋ ಪಾಪ! ನಡೀರಿ. ಹೇಗೂ ಹೋಗ್ತೀವಲ್ಲ, ನಿಮ್ಮದೂ ತೋರಿಸಿಬಿಡೋಣ."

ಕಣ್ಣಿನ ಡಾಕ್ಟರಮ್ಮ ಅವಳನ್ನು ಐದು ನಿಮಿಷದಲ್ಲಿ ಎಬ್ಬಿಸಿದರು. ನನ್ನನ್ನು ಮುಕ್ಕಾಲು ಗಂಟೆ ಕೂರಿಸಿದರು.

"ಎರಡೂ ಕಣ್ಣಿಗೆ ಪೊರೆ ಬಂದಿದೆ. ಚೆನ್ನಾಗಿ ಬಲಿತಿದೆ. ಬಹಳ ದಿನದಿಂದ ನೀವು ಹಳದಿ ಗಾಜಿನೊಳಗಿಂದ ಲೋಕ ನೋಡ್ತಿದ್ದೀರಿ. ನೀಲಿ ನಿಮಗೆ ಮಂಕಾಗಿ ಕಾಣುತ್ತೆ, ಗೊತ್ತಾಗಲಿಲ್ವಾ?"

"ಇವರಿಗೆ ಗೊತ್ತಾಗಲಿಲ್ಲ ಡಾಕ್ಟ್ರೇ," ಅಂದಳು ಇವಳು. "ಗೋಡೆಗೆ ಗೊತ್ತಾಯ್ತು."

ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಮರುದಿನ ಪಟ್ಟಿ ತೆಗೆದು, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಮನೆಗೆ ಬಂದು ಹಾಲಿನ ಮಧ್ಯೆ ನಿಂತು ಕನ್ನಡಕ ತೆಗೆದೆ.

"ಅಮ್ಮಾ!"

ಎಂಥ ಮಂಜು, ಎಂಥ ಬೆಳಗಿನ ಜಾವ? ನಾಲ್ಕೂ ಕಡೆಯಿಂದ ನೀಲಿ ಶಾಯಿಯೇ ಎಗರಿಬಂದ ಹಾಗಾಯಿತು! ಎಳೆ ಹಸಿರಿನ ಪರದೆ ನವಿಲಿನ ಕತ್ತಿನ ನೀಲಿಯಾಗಿ ಕುಣಿಯುತ್ತಿತ್ತು. ಬಾಡಿದ ಗುಲಾಬಿ ದಿಂಬುಗಳು, ಆ ಪುಣ್ಯಾತ್ಗಿತ್ತಿಯರು, ಬಾಡುವುದಿರಲಿ, ಸರ್ಕಸ್ಸಿನ ಜೋಕರ್ ತುಟಿಯ ಹಾಗೆ ನನ್ನನ್ನು ನೋಡಿ ನಗುತ್ತಿದ್ದವು. ಗಕ್ಕನೆ ಬಲಗಣ್ಣು ಮುಚ್ಚಿದೆ. ಮಂಜು ಮರಳಿತು! ಎಡಗಣ್ಣು ಮುಚ್ಚಿದೆ. ಶಾಯಿ! ಬಲ, ಎಡ, ಮಂಜು, ಶಾಯಿ.

ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹೇಗಿದೆ ರೀ?"

ಬಲಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, "ಚೆನ್ನಾಗೇ ಇದೆ!" ಅಂದೆ. ಮಾತು ತಪ್ಪಿಸಲು ಅವಳ ಕಡೆ ತಿರುಗಿ, ಒಂದು ಕ್ಷಣ ಮರೆತು ಎರಡೂ ಕಣ್ಣು ತೆರೆದೆ. "ಅರೆ, ನಿನ್ನ ಕೂದಲು ಇಷ್ಟೊಂದು ಬೆಳ್ಳಗಾಗಿದ್ದು ಯಾವಾಗ?"

"ನಿಮ್ಮ ಗೋಡೆ ನೋಡಿದ ದಿನ!"

ತಿಂಗಳು ಕಳೆಯಿತು. ವಕೀಲರ ಕೋಟಿನ ಗುಂಡಿ ಬಿಚ್ಚಿ, ಬಲಗಣ್ಣೊಂದರಲ್ಲೇ ಕಪ್ಪು ಹುಡುಕಿ ಹೊಲಿದು, ಕ್ಷಮೆ ಕೇಳಿ ಕೊಟ್ಟುಬಂದೆ. ಅಂಗಡಿಯಲ್ಲಿ ಬಲಗಣ್ಣು, ಮನೆಯಲ್ಲಿ ಎಡಗಣ್ಣು, ಹೀಗೆ ನನ್ನ ಸಂಸಾರ ಸಾಗಿತ್ತು. ಗೋಡೆಗೆ ಮಾತ್ರ ಬೇರೆ ಬಣ್ಣ ಬಳಿಸಲು ನಾನು ಬಾಯಿ ಬಿಡಲಿಲ್ಲ. ಆಶ್ಚರ್ಯವೆಂದರೆ, ಅವಳೂ ಬಿಡಲಿಲ್ಲ!

ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, "ಇದು ಚೆನ್ನಾಗಿ ಕೂತಿದೆ. ಮುಂದಿನ ವಾರ ಎಡಗಣ್ಣಿಗೂ ಮಾಡಿಬಿಡೋಣ್ವಾ?" ಅಂದರು.

ನಾನು ಎದೆ ಸೆಟೆಸಿ ಕೂತೆ. "ಬೇಡ ಡಾಕ್ಟ್ರೇ. ದುಡಿಯೋಕೆ ಒಂದು ಕಣ್ಣು ಸಾಕು. ಇನ್ನೊಂದು ಹೀಗೇ ಇರಲಿ, ನಂಗೆ ಮನೇಲಿ ಕೂರೋಕೆ ಬೇಕು!"

"ಮಾಡಿಬಿಡಿ ಡಾಕ್ಟ್ರೇ," ಅಂತ ಪಕ್ಕದಲ್ಲಿದ್ದ ಗಣಿತದ ಮೇಡಂ ಶಾಂತವಾಗಿ ಹೇಳಿದಳು. "ಇಷ್ಟು ದಿನ ಆ ಗೋಡೆನ ನಾನು ಎರಡೆರಡು ಕಣ್ಣಲ್ಲಿ ನೋಡಿದ್ದೀನಿ. ಒಂದು ವರ್ಷ ಇವರೂ ನೋಡಲಿ, ಆಮೇಲೆ ಬೇಕಾದ್ರೆ ಕೆನೆ ಬಳಿಸೋಣ!"