ಶಿಕ್ಷೆ ಆಗಿದೆಯೇ? ಹೌದು / ಇಲ್ಲ

ಎಪ್ಪತ್ತು ಎಂಬತ್ತರ ದಶಕದಲ್ಲಿ ಪೊಲೀಸ್ ದಫೇದಾರನಾಗಿದ್ದ ನಾನು ಕಳ್ಳರನ್ನು ಹಿಡಿದದ್ದಕ್ಕಿಂತ, ಒಳ್ಳೆಯವರು ಒಳ್ಳೆಯವರೇ ಹೌದೇ ಎಂದು ವಿಚಾರಿಸಿದ್ದೇ ಹೆಚ್ಚು. ಯಾರಿಗಾದರೂ ಗುಟ್ಟಿನ ಜಾಗದಲ್ಲಿ ಸರ್ಕಾರಿ ನೌಕರಿ ಸಿಕ್ಕಿದರೆ, ಹಳೇ ಕೇಸು, ಶಿಕ್ಷೆ ಏನಾದರೂ ಇದೆಯೇ ಎಂದು ಅವರ ಊರಿಗೇ ಹೋಗಿ ತಿಳಿದು ವರದಿ ಬರೆಯಬೇಕು. ಕಳ್ಳರು ಯಾವತ್ತೂ ನನ್ನನ್ನು ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ.

ಯಾವ ಸೆಕ್ಷನ್?

ಸಾಗರದ ಯುವಕನೊಬ್ಬ ಮದ್ದುಗುಂಡಿನ ಕಾರ್ಖಾನೆಗೆ ಆಯ್ಕೆಯಾಗಿದ್ದ. ಫಾರಮ್ಮಿನಲ್ಲಿ 'ಎಂದಾದರೂ ಶಿಕ್ಷೆ ಆಗಿದೆಯೇ?' ಎಂದು ಕೇಳಿದ್ದಕ್ಕೆ 'ಹೌದು, ಎರಡು ಸಲ' ಎಂದು ಬರೆದುಬಿಟ್ಟಿದ್ದ. ಯಾವ ಸೆಕ್ಷನ್, ತಿಳಿಸಿ ಎಂದು ಮೇಲಿನಿಂದ ಅರ್ಜೆಂಟ್ ಕಾಗದ ಬಂತು. ನಮ್ಮ ರಿಜಿಸ್ಟರಿನಲ್ಲಿ ಅವನ ಹೆಸರೇ ಇಲ್ಲ. ಮನೆಗೇ ಹೋದೆ.

"ಏನ್ ಮಾಡಿದ್ಯಪ್ಪಾ?"

"ಮಗ್ಗಿ ತಪ್ಪಿದ್ದೆ ಸಾರ್. ಒಂದ್ಸಲ ಬೆಂಚಿನ ಮೇಲೆ ನಿಲ್ಸಿದ್ರು, ಒಂದ್ಸಲ ಬಸ್ಕಿ ಹೊಡಿಸಿದ್ರು."

"ಅಯ್ಯೋ, ಯಾವ ಸೆಕ್ಷನ್ ಅಂತ ಕೇಳಿದ್ದಾರಲ್ಲೋ!"

ಅವನು ಗಂಭೀರವಾಗಿ ಯೋಚಿಸಿದ. "ಮೂರನೇ ಕ್ಲಾಸು, ಬಿ ಸೆಕ್ಷನ್ ಸಾರ್."

ನೆರೆಯವರ ಸಾಕ್ಷಿ

ಹೊಸನಗರದಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಪಕ್ಕದ ಮನೆ ಯಜಮಾನರನ್ನು ಕೇಳಿದೆ. ಇಬ್ಬರಿಗೂ ಬೇಲಿ ಜಗಳ ಎಂದು ಊರಿಗೇ ಗೊತ್ತು. ಆದರೂ ಯಜಮಾನರು, "ದೇವ್ರಂಥ ಮನುಷ್ಯ. ಕೇಸೂ ಇಲ್ಲ, ಗೀಸೂ ಇಲ್ಲ. ಬೇಗ ಕಳಿಸ್ಕೊಡಿ" ಎಂದು ಖುಷಿಯಿಂದ ಸಹಿ ಹಾಕಿದರು. ನಾನು ಸೈಕಲ್ ಹತ್ತುವಾಗ ಕೇಳಿದರು: "ಕಾಶ್ಮೀರಕ್ಕೆ ಹಾಕ್ತಾರಾ?"

"ಇಲ್ಲ, ಇಲ್ಲೇ ವೈರ್‌ಲೆಸ್ ಆಫೀಸಿಗೆ."

"ಹಂಗಾದ್ರೆ ಆ ಕಾಗ್ದ ಒಂಚೂರು ಇತ್ಲಾಗ್ ಕೊಡಿ. ದೇವ್ರು ಅನ್ನೋದನ್ನ ತಿದ್ದೋದಿದೆ."

ಅಪರಾಧಿ ಮಾಡಿಕೊಡಿ

ತೀರ್ಥಹಳ್ಳಿ ಕಡೆಯ ಒಕ್ಕಲಿನ ಮನೆಯವನೊಬ್ಬ ಸೈನ್ಯದ ಗುಪ್ತ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಆಯ್ಕೆಯಾದ. ಕಾಲೇಜಿನಲ್ಲಿದ್ದಾಗ ಸೈಕಲ್ಲಿನಲ್ಲಿ ಡಬಲ್ ರೈಡ್ ಹೋಗಿ ಕೋರ್ಟಿನಲ್ಲಿ ದಂಡ ಕಟ್ಟಿದ್ದ. ಪ್ರಾಮಾಣಿಕ ಪ್ರಾಣಿ, ಅದನ್ನೂ ಫಾರಮ್ಮಿನಲ್ಲಿ ಬರೆದ. ಕೋರ್ಟಿನ ಆ ವರ್ಷದ ಕಡತವನ್ನು ಗೆದ್ದಲು ತಿಂದಿತ್ತು. 'ದಾಖಲೆ ಇಲ್ಲ' ಎಂದು ಬರೆದೆ. ಮೇಲಿನಿಂದ ಉತ್ತರ ಬಂತು: ಡಬಲ್ ರೈಡಿಗೆ ನಮ್ಮ ಅಡ್ಡಿಯಿಲ್ಲ, ಆದರೆ ಇಲ್ಲದ ಶಿಕ್ಷೆ ಇದೆ ಎಂದು ಸುಳ್ಳು ಬರೆದವನನ್ನು ನಂಬುವುದು ಹೇಗೆ? ಹದಿನೈದು ದಿನದಲ್ಲಿ ರುಜುವಾತು ಕೊಡದಿದ್ದರೆ ನೌಕರಿ ಇಲ್ಲ.

ಅವನ ಅಪ್ಪ ಸ್ಟೇಷನ್ನಿಗೆ ಓಡಿ ಬಂದು ಕೈಮುಗಿದರು. "ದಫೇದಾರ್ರೇ, ಹೆಂಗಾದ್ರೂ ಮಾಡಿ ನನ್ನ ಮಗನ್ನ ಅಪರಾಧಿ ಮಾಡ್ಕೊಡಿ."

ಸಾಕ್ಷಿ ಹೇಳಿ ಎಂದರೆ ಅವನ ಮೇಷ್ಟ್ರು ಸಿಟ್ಟಾದರು. "ಅಂಥ ಹುಡುಗನ ಮೇಲೆ ಅಪವಾದ ಹೊರಿಸ್ತೀರಾ? ಜಪ್ಪಯ್ಯ ಅಂದ್ರೂ ಸಹಿ ಹಾಕಲ್ಲ!" ಯುವಕ ಸೋತು, ಇನ್ನೊಮ್ಮೆ ದಂಡ ಬೀಳಲಿ ಎಂದು ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಟೇಷನ್ ಮುಂದೆಯೇ ಮೂರು ಸುತ್ತು ಹೊಡೆದ. ಇನ್ಸ್‌ಪೆಕ್ಟರು ಕಿಟಕಿಯಿಂದಲೇ, "ಹುಷಾರಪ್ಪಾ, ಬಿದ್ದೀಯ" ಎಂದು ಬುದ್ಧಿ ಹೇಳಿ ಒಳಗೆ ಹೋದರು.

ಕೊನೆಗೆ ನಾನೇ ಅವರ ಮನೆಗೆ ಹೋದೆ. ಕಾಫಿ ಕುಡಿಯುತ್ತಾ ತಲೆ ಎತ್ತಿದರೆ, ಗೋಡೆಯ ಮೇಲೆ, ದೇವರ ಪಟಗಳ ನಡುವೆ ಮನೆಯವರ ಗಮನಕ್ಕೂ ಬಾರದಂತೆ, ಗಾಜಿನ ಫ್ರೇಮಿನಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೋರ್ಟಿನ ದಂಡದ ರಸೀದಿ!

"ಇದನ್ಯಾರು ಇಲ್ಲಿ ಹಾಕಿದ್ದು?"

ಓದು ಬಾರದ ಅವನ ತಾಯಿ ಹೆಮ್ಮೆಯಿಂದ ಮುಂದೆ ಬಂದರು. "ನಾನೇ. ಮಗನ ಹೆಸ್ರಿಗೆ ಸರ್ಕಾರದ ಸೀಲು ಬಿದ್ದದ್ದು ಅದೇ ಮೊದ್ಲು."

ಫ್ರೇಮಿನ ಸಮೇತ ಹೊತ್ತುಕೊಂಡು ಹೋದೆ. ಅವನು ಅಪರಾಧಿ ಎಂದು ಖಾತ್ರಿಯಾಯಿತು, ನೌಕರಿ ಸಿಕ್ಕಿತು. ಫ್ರೇಮು ವಾಪಸು ಕೊಡಲು ಹೋದಾಗ ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಕೇಳಿದರು:

"ದಫೇದಾರ್ರೇ, ಎರಡನೆಯವನೂ ಓದು ಮುಗಿಸಿದ. ಅವನಿಗೂ ಇಂಥದ್ದೊಂದು ಕೊಡಿಸ್ತೀರಾ?"