ಹಿಮ್ಮಡಿ ನಿಲ್ಲದ ಬೂಟು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೀಗೆ ಮುಂಚಿತವಾಗಿ ಒಪ್ಪಿಕೊಂಡರೆ ಬೈಯಲು ಬಂದವರ ಅರ್ಧ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ ಎಂಬುದು ನನ್ನ ಅನುಭವ. ಹಿಮದ ಮೇಲೆ ಜಾರುವ ಆಟದವರು ಹಾಕಿಕೊಳ್ಳುವ ಸ್ಕೀ ಬೂಟಿನೊಳಗೆ ಹಿಮ್ಮಡಿ ಎದ್ದೆದ್ದು ಕುಣಿಯುವಂತೆ ಮಾಡಿದವನು, ಫ್ರಿಜ್ಜಿನ ಮೇಲಿನ ಖಾನೆಯಲ್ಲಲ್ಲದೆ ಬೇರೆಲ್ಲೂ ಹಿಮವನ್ನೇ ನೋಡದ ನಾನು. ಕೆಲವರು ಗೊತ್ತಿಲ್ಲದ ವಿಷಯದಲ್ಲಿ ಸುಮ್ಮನಿರುತ್ತಾರೆ. ನನಗೆ ಆ ಅಭ್ಯಾಸವಿಲ್ಲ.

ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕಾರ್ಖಾನೆಯವರಿಗೆ ಬೇಕಾದ ಸೇಫ್ಟಿ ಶೂ ಮಾಡುತ್ತಿದ್ದೆವು. ಮಾಲಕರಾದ ಶಿವಪುತ್ರಪ್ಪನವರು ಎಲ್ಲಿಯೋ ಒಂದು ಪ್ರದರ್ಶನಕ್ಕೆ ಹೋಗಿ ವಿದೇಶಿ ಕಂಪನಿಯೊಂದರ ಕೆಲಸ ಹಿಡಿದುಕೊಂಡು ಬಂದರು. ಸ್ಕೀ ಬೂಟಿಗೆ ಹೊರಗೆ ಕಲ್ಲಿನಂಥ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆಯ ಇನ್ನೊಂದು ಬೂಟು. ಚಿಪ್ಪು ಅವರದು, ಒಳಬೂಟು ನಮ್ಮದು. ಮೂರು ಸಲ ಸ್ಯಾಂಪಲ್ ಕಳಿಸಲು ಅವಕಾಶ. ಮೂರನೆಯದೂ ವಾಪಸು ಬಂದರೆ ಆರ್ಡರ್ ಇಲ್ಲ, ಅದಕ್ಕೆಂದೇ ತೆರೆದ ಹೊಲಿಗೆ ವಿಭಾಗವೂ ಇಲ್ಲ. ಹೊಲಿಗೆ ವಿಭಾಗವೆಂದರೆ ಖಾದರ್ ಕಾಕಾ ಮತ್ತು ಅವರ ಜೊತೆಗಿನ ನಾಲ್ವರು. ಕಾಕಾ ಹಳೇ ಹುಬ್ಬಳ್ಳಿಯ ಸಂದಿಯೊಂದರಲ್ಲಿ ನಲವತ್ತು ವರ್ಷ ಚಪ್ಪಲಿ, ಬೂಟು ಹೊಲಿದವರು. ಮಾಲಕರ ಮಾತು ನಂಬಿ ಸ್ವಂತ ಅಂಗಡಿಯ ಬಾಗಿಲು ಹಾಕಿ ಬಂದಿದ್ದರು.

ಕಂಪ್ಯೂಟರಿನಲ್ಲಿ ಒಳಬೂಟಿನ ನಕ್ಷೆ ತೆಗೆಯುವುದು ನನ್ನ ಕೆಲಸ. ಜೊತೆಗೆ ಕಂಪನಿ ಹೇಳಿದ ಸ್ಯಾಂಪಲ್ ಅಳತೆ ಸರಿಯಾಗಿ ನನ್ನ ಪಾದದ್ದೇ ಆಗಿದ್ದರಿಂದ ಹಾಕಿ ನೋಡಿ ಹೇಳುವ ಅಧಿಕಾರವೂ ನನಗೇ ಬಂತು. ಇಪ್ಪತ್ತಾರು ವರ್ಷಗಳಲ್ಲಿ ನನ್ನ ದೇಹದ ಯಾವುದೇ ಭಾಗಕ್ಕೆ ಸಿಕ್ಕ ಮೊದಲ ಮನ್ನಣೆ ಅದು. ಆ ಹೆಮ್ಮೆಯಲ್ಲಿ ಮೊದಲ ಒಳಬೂಟಿಗೆ ಕಾಲು ತೂರಿಸಿ, ಮುಂದೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಬೆರಳಿಗೆ ಜಾಗ ಸಾಲದು, ಇನ್ನೂ ಒಂದು ಬೆರಳಿನಷ್ಟು ಬಿಡಬೇಕು ಎಂದು ತೀರ್ಪು ಕೊಟ್ಟೆ. ಈ ಒತ್ತುವ ವಿದ್ಯೆ ನನ್ನ ಅವ್ವನದು. ಐದನೆಯ ಇಯತ್ತೆಯಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ, ಬೂಟಿನ ತುದಿ ಒತ್ತಿ, ಒಂದು ಬೆರಳಿನಷ್ಟು ಖಾಲಿ ಇದ್ದರೇ ಕಟ್ಟಿಸುತ್ತಿದ್ದಳು. ಆ ಬೂಟು ನನ್ನ ಕಾಲಿಗೆ ಸರಿಹೋಗುವ ಹೊತ್ತಿಗೆ ನಾನು ಏಳನೆಯ ಇಯತ್ತೆಯಲ್ಲಿರುತ್ತಿದ್ದೆ, ಬೂಟು ತಿಪ್ಪೆಯಲ್ಲಿರುತ್ತಿತ್ತು. ನಮ್ಮ ಕಡೆ ಬೂಟನ್ನು ಕೊಳ್ಳುವುದು ಇವತ್ತಿನ ಕಾಲಿಗಲ್ಲ, ಮುಂದೆ ಬರಲಿರುವ ಕಾಲಿಗೆ.

ಕಾಕಾ ಆಗಲೇ ತಡೆದಿದ್ದರು. ಅವರದೊಂದು ಪದ್ಧತಿ: ಏನು ಹೇಳುವುದಕ್ಕೂ ಮುಂಚೆ ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಷ್ಟೆಲ್ಲ ಆದಮೇಲೆ, "ಬೆರಳ ಬಿಡಪಾ, ಹಿಮ್ಮಡ ಹಿಡೀಬೇಕು" ಎಂದರು. ಮಾತು ನಾಲ್ಕೇ. ನನ್ನ ಕಿವಿಗೆ ಬಿದ್ದದ್ದು ಮಾತ್ರ ಮೂರು ಕೆಮ್ಮು. ಕಂಡವರ ನಕಲು ಮಾಡಿ ನಗಿಸುವುದು ನನ್ನ ಚಟ. ಅವತ್ತಿನ ಚಹಾದ ಹೊತ್ತಿಗೆ ಚಷ್ಮಾ, ಚುಂಗು, ಕೆಮ್ಮು, ಹಿಮ್ಮಡ ಎಲ್ಲವನ್ನೂ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಮಾಲಕರು ಕಪ್ಪಿನೊಳಗೆ ನಕ್ಕರು. ಕಾಕಾ ಕೂಡ ಸ್ವಲ್ಪ ನಕ್ಕರು. ಮರುದಿನದಿಂದ ಅವರು ಏನೂ ಹೇಳುವುದನ್ನೇ ಬಿಟ್ಟರು. ಹೇಗೆ ಬೇಕು ಎಂದಷ್ಟೇ ಕೇಳುವರು, ನಾನು ಹೇಳಿದಂತೆ ಹೊಲಿಯುವರು. ಇದನ್ನು ನಾನು ನನ್ನ ಗೆಲುವೆಂದು ತಿಳಿದೆ.

ಮೊದಲ ಸ್ಯಾಂಪಲ್ಲಿಗೆ ಉತ್ತರ ಬಂತು: ಹಿಮ್ಮಡಿ ಏಳುತ್ತಿದೆ. ಪಾದದ ಮೇಲೆ ಬರುವ ಪಟ್ಟಿ ಬಿಗಿ ಮಾಡಿಸಿದೆ. ಎರಡನೆಯದಕ್ಕೂ ಬಂತು: ಹಿಮ್ಮಡಿ ಈಗಲೂ ಏಳುತ್ತಿದೆ, ಜೊತೆಗೆ ಪಾದ ಜೋಮು ಹಿಡಿಯುತ್ತಿದೆ. ಸ್ಕೀ ಆಡುವವನು ಮೊಳಕಾಲು ಬಗ್ಗಿಸಿ, ಕಣಕಾಲನ್ನು ಮುಂದಕ್ಕೊತ್ತಿ ದಾರಿ ತಿರುಗಿಸುತ್ತಾನಂತೆ. ಹಿಮ್ಮಡಿ ಎದ್ದರೆ ಕಾಲು ಒಂದು ಕಡೆ, ಬೂಟಿನ ಕೆಳಗಿನ ಜಾರುವ ಹಲಗೆ ಇನ್ನೊಂದು ಕಡೆ. ಅವನು ಹೋಗುವುದು ಮೂರನೆಯ ಕಡೆ.

ಮೂರನೆಯದನ್ನು ಕಳಿಸುವ ಮುಂಚೆ ಮಾಲಕರು ತಮ್ಮೆದುರಿಗೇ ಹಾಕಿಕೊಂಡು ಬಗ್ಗು ಎಂದರು. ಬಗ್ಗಿದೆ. ಒಳಗೆ ಹಿಮ್ಮಡಿ, ಸಡಿಲ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತುವಾಗ ಏಳುವಂತೆ, ಮೆಲ್ಲಗೆ ಎದ್ದು ನಿಂತಿತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಮಂಜ್ಯಾ, ಊರ ಮಂದಿ ನಡಿಗಿ ಎಲ್ಲಾ ಮಾಡಿ ತೋರಸ್ತಿ. ನಿನ್ನ ಕಾಲು ಏನು ಮಾಡಾಕತ್ತೈತಿ ಅಂತ ನಿನಗ ಗೊತ್ತಿಲ್ಲಲ್ಲೋ" ಎಂದರು. ಆಮೇಲೆ ಖಾದರ್ ಕಾಕಾ ಏನನ್ನುತ್ತಾರೆ ಎಂದು ಕೇಳಿದರು. ಒಂದು ತಿಂಗಳಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಹೊಲಿಗೆ ವಿಭಾಗಕ್ಕೆ ಹೋದೆ. ನಾಲ್ವರೂ ಮಷೀನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕಾಕಾ ಮಾತ್ರ ತಲೆ ಎತ್ತಲಿಲ್ಲ.

"ಕಾಕಾ, ನಂದ ತಪ್ಪಾತ್ರಿ."

"ಇದು ಯಾರ ದನಿ?"

"ನಂದರಿ."

"ಹೌದಾ? ಇದನ್ನ ಮೊದಲ ಸಲ ಕೇಳಾಕತ್ತೇನಿ."

ಅಷ್ಟು ಹೇಳಿ ಎದ್ದರು. ನನ್ನ ಕಾಲು ತೊಯಿಸಿ ಸಿಮೆಂಟಿನ ನೆಲದ ಮೇಲೆ ನಿಲ್ಲಿಸಿ, ಮೂಡಿದ ಹೆಜ್ಜೆಗೆ ಸೀಮೆಸುಣ್ಣದ ಗೆರೆ ಎಳೆದರು. ಆಮೇಲೆ ಹಿಮ್ಮಡಿಯ ತುದಿಯಿಂದ ಪಾದದ ಮೇಲಿನ ಉಬ್ಬಿಗೆ ಓರೆಯಾಗಿ ದಾರ ಸುತ್ತಿ ಅಳೆದರು. ನನ್ನ ಕಂಪ್ಯೂಟರಿನ ನಕ್ಷೆಯಲ್ಲಿ ಹದಿನೆಂಟು ಅಳತೆಗಳಿದ್ದವು, ಅದೊಂದೇ ಇರಲಿಲ್ಲ. ಒಳಬೂಟಿನಲ್ಲಿ ಕಣಕಾಲ ಕೆಳಗಿನ ಹರಡಿನ ಎಲುಬಿಗೆ ಎರಡೂ ಬದಿಗೆ ಗುಳಿ ಬಿಟ್ಟು, ಅದರ ಹಿಂದೆ ಎರಡು ಮೆತ್ತೆ ಕೂಡಿಸಿ, ಮುಂದಿನ ನನ್ನ ಪ್ರೀತಿಯ ಒಂದು ಬೆರಳಿನ ಜಾಗವನ್ನು ನಿರ್ದಯವಾಗಿ ಕತ್ತರಿಸಿ ತೆಗೆದರು.

ಹಾಕಿಕೊಂಡು ನಿಂತೆ. ಬೆರಳು ಮುಂದೆ ತಾಗಿದವು. ಬಿಗಿಯಾಯಿತು ಎಂದು ನಾನು ಬಾಯಿ ತೆರೆಯುವ ಮೊದಲೇ ಕಾಕಾ, ಮೊಳಕಾಲು ಬಗ್ಗಿಸು ಎಂದರು. ಬಗ್ಗಿಸಿದೆ. ಹಿಮ್ಮಡಿ ತನ್ನ ಗೂಡಿನಲ್ಲಿ ಹಿಂದಕ್ಕೆ ಸರಿದು ಕೂತಿತು, ಬೆರಳು ತಾವಾಗಿ ತುದಿ ಬಿಟ್ಟವು.

"ಸಡಲ ಇದ್ದದ್ದು ಆರಾಮ ಅಲ್ಲಪಾ" ಎಂದರು ಕಾಕಾ. "ಹಿಂದ ಗಟ್ಟಿ ಹಿಡದ್ರ ಮುಂದ ಬೆರಳು ಆರಾಮ ಇರ್ತಾವ."

ಆ ಬೂಟಿನಲ್ಲಿ ಇಡೀ ಮಧ್ಯಾಹ್ನ ವರ್ಕ್‌ಶಾಪಿನ ತುಂಬ ತಿರುಗಿದೆ, ಅದರಲ್ಲೇ ನಿಂತು ರೊಟ್ಟಿ ತಿಂದೆ. ಜೋಮು ಹಿಡಿಯಲಿಲ್ಲ, ಹಿಮ್ಮಡಿ ಏಳಲಿಲ್ಲ. ಸ್ಯಾಂಪಲ್ ಹೋಯಿತು. ಉತ್ತರ ಬರುವವರೆಗೆ ನಾನು ಯಾರ ನಕಲನ್ನೂ ಮಾಡಲಿಲ್ಲ. ಇಬ್ಬರು ಬಂದು ಜ್ವರ ಬಂದಿದೆಯೇ ಎಂದು ವಿಚಾರಿಸಿಕೊಂಡು ಹೋದರು.

ಒಂದು ಬೆಳಿಗ್ಗೆ ಮಾಲಕರು ಫೋನು ಹಿಡಿದುಕೊಂಡು ಸೀದಾ ಹೊಲಿಗೆ ವಿಭಾಗಕ್ಕೇ ಬಂದರು. ಪಾಸಾಗಿತ್ತು. ಆರ್ಡರ್ ಕೈಗೆ ಬಂತು, ಹೊಲಿಗೆ ಮಷೀನುಗಳೂ ಇದ್ದ ಜಾಗದಲ್ಲೇ ಉಳಿದವು. ವಿನ್ಯಾಸ ಮಾಡಿದವರ ಹೆಸರನ್ನು ಕಂಪನಿಯವರು ಕೇಳಿದ್ದಾರೆ, ಯಾರದು ಬರೆಯಲಿ ಎಂದರು. ಒಳಗೆ ಆಸೆ ಒಂದು ಸಲ ಎದ್ದಿತು, ಆದರೂ ಅದನ್ನು ತುಳಿದು, ನನ್ನ ಹೃದಯವೈಶಾಲ್ಯ ಎಲ್ಲರಿಗೂ ಕಾಣುವಷ್ಟು ದೊಡ್ಡ ದನಿಯಲ್ಲಿ, ಖಾದರ್ ಕಾಕಾರ ಹೆಸರನ್ನೇ ಬರೆಯಿರಿ ಎಂದು ಹೇಳಿದೆ. ಕಾಕಾ ಚಷ್ಮಾ ತೆಗೆದರು, ಒರೆಸಿದರು, ಮೂರು ಸಲ ಗಂಟಲು ಸರಿಮಾಡಿಕೊಂಡರು. ಈ ಸಲ ಎಲ್ಲರೂ ಕಾದೆವು.

"ನನ್ನ ಹೆಸರು ಬ್ಯಾಡ್ರಿ, ಇವಂದ ಬರೀರಿ. ನಾಳೆ ಮತ್ತ ಸಡಲಾತಂದ್ರ, ಬೂಟು ಯಾರ ಹೆಸರಿಗೆ ವಾಪಸ್ ಕಳಸ್ಬೇಕು ಅಂತ ಅವರಿಗೆ ಗೊತ್ತಿರಲಿ."